ಆನಿಯ ಗೋಳಿನ ತಾಯಿ

ವನೇನಿಯ ಸಿಟ್ಟು ಆನಿ ಊರಿನ ಕೆಳಗೆ, ಹೂದೋಟದ ಕಮರಿ ಎಂಬ ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಲಿಗೆ ನೀರು ಬೆರೆಸುವವನು ಅವಳ ಗುಹೆಮನೆಯ ಮುಂದೆ ಹಾಯುವಾಗ ಕೂಗುವುದನ್ನು ನಿಲ್ಲಿಸುತ್ತಿದ್ದ. ಹೆಂಡತಿಗೆ ಹೊಡೆದವನು ಮರುದಿನ ಅವಳ ಕಣ್ಣಿಗೆ ಬೀಳದಂತೆ ಸುತ್ತುದಾರಿ ಹಿಡಿಯುತ್ತಿದ್ದ. ಆದರೆ ಮನೆಯಲ್ಲಿ ಸಾವಾದರೆ ಇವರೆಲ್ಲ ಮೊದಲು ಓಡಿಬರುತ್ತಿದ್ದದ್ದು ಅವಳ ಬಾಗಿಲಿಗೇ. ಅವಳು ಗೋಳಿನ ತಾಯಿ. ಹೆಣದ ತಲೆಯ ಬಳಿ ನಿಂತು, ಆ ಜೀವ ಬದುಕಿದ ಬಗೆಯನ್ನು ಹಾಡು ಕಟ್ಟಿ ಅಳುವುದು ಅವಳ ಕಸುಬು. ಅವಳ ಅಮ್ಮನ ಕಸುಬು, ಅಜ್ಜಿಯದೂ ಅದೇ. ಮೊದಲ ಸೊಲ್ಲನ್ನು ಅವಳು ಎತ್ತಬೇಕು, ಆಮೇಲೆ ಉಳಿದ ಹೆಂಗಸರು ದನಿಗೂಡಿಸಬೇಕು. ಅವಳು ಎತ್ತುವ ತನಕ ಯಾರೂ ಬಾಯಿಬಿಟ್ಟು ಅಳುವಂತಿಲ್ಲ, ಹೆತ್ತವಳು ಕೂಡ.

ಹಾಡು ಕಟ್ಟುವ ಮುಂಚೆ ಅವಳು ಮನೆಯವರನ್ನು ಕೂರಿಸಿಕೊಂಡು ಕೇಳುತ್ತಿದ್ದಳು. ಏನು ಇಷ್ಟಪಟ್ಟು ತಿನ್ನುತ್ತಿದ್ದ, ಯಾರ ಮೇಲೆ ರೇಗುತ್ತಿದ್ದ, ಯಾವುದಕ್ಕೆ ಹೆದರುತ್ತಿದ್ದ. ಯಾರಾದರೂ ಸತ್ತವನನ್ನು ಸುಮ್ಮನೆ ಹೊಗಳತೊಡಗಿದರೆ ಎದ್ದುಬಿಡುತ್ತಿದ್ದಳು. "ಇಲ್ಲದ್ದನ್ನ ಹಾಡಿದ್ರೆ ಸತ್ತವನಿಗೇ ಗುರುತು ಸಿಗಲ್ಲ. ಇದು ಇನ್ಯಾರದೋ ಹೆಣ ಅಂದ್ಕೊಂಡು ಆತ್ಮ ಎದ್ದು ಹೊರಟೋಗತ್ತೆ," ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದಳು.

ಆರ್ಮೇನಿಯದ ರಾಜಧಾನಿ ಆನಿ ಆಗ ಬೆಳೆಯುತ್ತಿದ್ದ ಊರು. ದೊಡ್ಡ ಇಗರ್ಜಿಯ ಗುಮ್ಮಟ ಕಟ್ಟಿ ಮುಗಿಸಿದ ವರ್ಷ ವನೇನಿ ಹುಟ್ಟಿದ್ದು. ಅವಳಪ್ಪ ಎತ್ತಿನ ಗಾಡಿಯಲ್ಲಿ ಆ ಇಗರ್ಜಿಗೆ ಕೆಂಗಲ್ಲು ಹೊತ್ತವನು; ಸಾಯುವ ತನಕ ಬಲಭುಜ ಮೇಲೆತ್ತಲು ಆಗುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಊರು ಹಳೆಯ ಕೋಟೆಯೊಳಗೆ ಹಿಡಿಸದೆ ಹೊರಗೆ ಚೆಲ್ಲಿತ್ತು. ಮದುವೆಯಾಗುವ ಹೊತ್ತಿಗೆ ಹೊಸ ಕೋಟೆಯೂ ತುಂಬಿತ್ತು. ಒಂದು ಕಡೆ ಅಖುರಿಯಾನ್ ಹೊಳೆ, ಇನ್ನೊಂದು ಕಡೆ ಹೂದೋಟದ ಕಮರಿ, ಬಯಲ ಕಡೆ ಜೋಡಿ ಗೋಡೆ, ಗೋಡೆಗೆ ಬುರುಜುಗಳು. ಪೇಟೆಯಲ್ಲಿ ಪರ್ಷಿಯದ ರೇಷ್ಮೆ, ವಾನ್ ಸರೋವರದ ಉಪ್ಪುಮೀನು, ಹುಳದಿಂದ ಮಾಡಿದ ಕೆಂಪು ಬಣ್ಣ. ಇಗರ್ಜಿಯ ನಡುವೆ ಹಿಂದೂ ದೇಶದಿಂದ ತರಿಸಿದ ಸ್ಫಟಿಕದ ದೀಪಗೊಂಚಲು ತೂಗುತ್ತಿತ್ತು. ಸಾವಿರದೊಂದು ಇಗರ್ಜಿಗಳ ಊರು ಎಂದು ವರ್ತಕರು ಹೊರಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಮೇಲಿನ ಊರಿನ ಕಲ್ಲುಮನೆಯವರು ಕಮರಿಯ ಗುಹೆಗಳಲ್ಲಿ ಇರುವವರನ್ನು ಬಿಲದೋರು ಎಂದು ಕರೆಯುತ್ತಿದ್ದರು. ಬಿಲದವರಿಗೂ ಊರಿನ ಮೇಲೆ ಹೆಮ್ಮೆಯೇ. ಕಲ್ಲು ಹೊತ್ತವರು ಅವರೇ ತಾನೆ?

ವನೇನಿಯ ಗಂಡ ತಾತುಲ್ ಕುದುರೆಯ ಜೀನು ಹೊಲಿಯುತ್ತಿದ್ದ. ಮಾತು ಕಡಿಮೆ, ನಗು ಜಾಸ್ತಿ. ಹೆಂಡತಿ ಕೂಗಾಡಿದಷ್ಟೂ ಹೊತ್ತು ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿದ್ದು, ಕೊನೆಗೆ "ಆಯ್ತಾ? ರೊಟ್ಟಿ ಹಾಕು," ಎನ್ನುತ್ತಿದ್ದ.

ಹಳೆಯ ರಾಜ ಮಕ್ಕಳಿಲ್ಲದೆ ಸತ್ತಾಗ ಕಾನ್‌ಸ್ಟಾಂಟಿನೋಪಲಿನ ಗ್ರೀಕ್ ಚಕ್ರವರ್ತಿ ಆನಿ ತನಗೆ ಸೇರಬೇಕೆಂದು ದಂಡು ಕಳಿಸಿದ. ಊರಿನವರು ಹದಿಹರೆಯದ ಹುಡುಗನೊಬ್ಬನನ್ನು ಪಟ್ಟಕ್ಕೆ ಕೂರಿಸಿ, ಬಾಗಿಲು ಹಾಕಿಕೊಂಡರು. ಗ್ರೀಕರು ಗೋಡೆಯ ಕೆಳಗೆ ನಿಂತು ಕೂಗಿ ಕೂಗಿ ಬೈದರು. ರಾಜಕುಮಾರರೂ ಜೀನು ಹೊಲಿಯುವವರೂ ಒಟ್ಟಿಗೆ ಬಾಗಿಲು ತೆಗೆದು ಅವರ ಮೇಲೆ ಬಿದ್ದರು. ಸಂಜೆಯ ಹೊತ್ತಿಗೆ ಗ್ರೀಕ್ ದಂಡು ಚದುರಿಹೋಗಿ, ಹೊಳೆಯ ನೀರಿನ ಬಣ್ಣ ತಿರುಗಿತ್ತು. ತಾತುಲ್ ಕುತ್ತಿಗೆಗೆ ಈಟಿ ತಗುಲಿ ಬಾಗಿಲ ಎದುರೇ ಬಿದ್ದಿದ್ದ.

ಅವನ ಹಾಡನ್ನು ವನೇನಿ ಕೋಟೆಗೋಡೆಯ ಬುಡದಲ್ಲೇ ಎತ್ತಿದಳು. ದಾರ ಕಚ್ಚಿದ ಬಾಯಿ, ಸೂಜಿ ಚುಚ್ಚಿ ಗಟ್ಟಿಯಾದ ಬೆರಳು, "ರೊಟ್ಟಿ ಹಾಕು" ಅನ್ನುವ ಮಾತು. ಗೆದ್ದ ಊರು ಅವಳ ಸುತ್ತ ನಿಂತು ಅತ್ತಿತು. ಊರ ಹಿರಿಯರಲ್ಲಿ ಒಬ್ಬನಾದ ದೇರೆನಿಕ್ ಒಡೆಯ ಕುದುರೆಯಿಂದ ಇಳಿದು ಬಂದ. ನಲವತ್ತು ದಾಟಿದ ಎತ್ತರದ ಆಳು. ಅವತ್ತು ಅವನೂ ಕತ್ತಿ ಹಿಡಿದು ಚೆನ್ನಾಗಿಯೇ ಕಾದಿದ್ದ. ಬಾಗಿ ತಾತುಲನ ಹಣೆಗೆ ಮುತ್ತಿಟ್ಟು, ಎಲ್ಲರಿಗೂ ಕೇಳುವಂತೆ ಅಂದ: "ನಾನು ಬದುಕಿರೋ ತನಕ ಗ್ರೀಕರಿಗೆ ಈ ಬಾಗಿಲು ತೆಗಿಯಲ್ಲ. ಈ ರಕ್ತದಾಣೆ."

ವನೇನಿ ಆ ಮಾತನ್ನು ನಂಬಿದಳು. ನಂಬಿದ್ದಕ್ಕೇ ಆಮೇಲೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಗ್ರೀಕರು ಮತ್ತೆ ಬಂದರು, ಮತ್ತೆ ಸೋತರು. ಗೋಡೆಯಿಂದ ಆಗದ್ದನ್ನು ಕಾಗದದಿಂದ ಮಾಡೋಣವೆಂದು, ಹುಡುಗ ರಾಜನನ್ನು ಸ್ನೇಹದ ಹೆಸರಲ್ಲಿ ಕಾನ್‌ಸ್ಟಾಂಟಿನೋಪಲಿಗೆ ಕರೆಸಿಕೊಂಡರು. ಬೈಬಲ್ ಮುಟ್ಟಿ ಆಣೆ ಮಾಡಿದರು. ಅವನು ಹೋದ, ಅಲ್ಲಿಯೇ ಅವನನ್ನು ಹಿಡಿದಿಟ್ಟುಕೊಂಡು, ಊರು ಬರೆದುಕೊಡು ಎಂದು ಪೀಡಿಸಿದರು. ಅವನು ಒಪ್ಪಲಿಲ್ಲವಂತೆ ಎಂಬ ಸುದ್ದಿ ಬಂದ ದಿನ ಕಮರಿಯ ಹೆಂಗಸರು ಗುಹೆಬಾಗಿಲುಗಳಲ್ಲಿ ದೀಪ ಹಚ್ಚಿದರು. ಆದರೆ ಹಿರಿಯರು ಒಪ್ಪಿಬಿಟ್ಟರು. ಅರಮನೆಯೊಳಗೆ ಬಾಗಿಲು ಹಾಕಿಕೊಂಡು ಮಾತಾಡಿ, ಊರಿನ ಬಾಗಿಲುಗಳ ಕೀಲಿಕೈಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಚಕ್ರವರ್ತಿಗೆ ಕಳಿಸಿಕೊಟ್ಟರು.

ಪೆಟ್ಟಿಗೆ ಹೊರಟ ಮೇಲೆ ಊರಿಗೆ ಗೊತ್ತಾಯಿತು. ಜನ ದೊಡ್ಡ ಇಗರ್ಜಿಯ ಮುಂದೆ ಸೇರಿದರು. ಹಿರಿಯರಲ್ಲಿ ಹೆಚ್ಚಿನವರು ಮನೆಯಿಂದ ಹೊರಗೆ ಬರಲಿಲ್ಲ. ದೇರೆನಿಕ್ ಒಡೆಯ ಮಾತ್ರ ಮೆಟ್ಟಿಲ ಮೇಲೆ ನಿಂತ.

"ಒಂದು ಕಡೆ ಗ್ರೀಕರು, ಇನ್ನೊಂದು ಕಡೆ ತುರ್ಕರು. ನಡುವೆ ರಾಜನಿಲ್ಲದ ನಾವು," ಎಂದ. "ಗ್ರೀಕರಾದರೆ ಕ್ರೈಸ್ತರು. ನಮ್ಮನ್ನ ಕಾಪಾಡ್ತಾರೆ. ನಿಮ್ಮ ಮಕ್ಕಳು ಉಳೀಲಿ ಅಂತ ಮಾಡಿದ್ದು."

ವನೇನಿ ಗುಂಪನ್ನು ಸೀಳಿಕೊಂಡು ಮುಂದೆ ಹೋದಳು. "ಒಡೆಯರೇ, ನನ್ನ ಗಂಡ ನಿಮ್ಮ ಕಾಗದಕ್ಕೆ ಸತ್ತನಾ, ಬಾಗಿಲಿಗೆ ಸತ್ತನಾ?"

"ಅಮ್ಮಾ, ನಿನ್ನ ದುಃಖ ನನಗೆ ಅರ್ಥವಾಗತ್ತೆ."

"ದುಃಖದ ಮಾತು ಬಿಡಿ, ಅದು ನನ್ನ ಕಸುಬು, ನಾನು ನೋಡ್ಕೋತೀನಿ. ಬಾಗಿಲು ನಿಮ್ಮಪ್ಪಂದಾ? ಕೇಳಿದ್ದಕ್ಕೆ ಉತ್ತರ ಕೊಡಿ."

ದೇರೆನಿಕನ ಪಾರುಪತ್ಯಗಾರ ಕಿರಾಕೊಸ್ ಎನ್ನುವವನು ಅವಳ ರಟ್ಟೆ ಹಿಡಿದ. "ಏ ಬಿಲದೋಳೇ, ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?"

"ಗೊತ್ತು. ಆಣೆ ಮುರಿದೋನ ಹತ್ರ."

ಕಿರಾಕೊಸ್ ಅವಳನ್ನು ಮೆಟ್ಟಿಲಿಂದ ಕೆಳಕ್ಕೆ ನೂಕಿದ. ಬಿದ್ದ ಏಟಿಗೆ ಒಂದು ಹಲ್ಲು ಹೋಯಿತು. ಗುಂಪಿನಲ್ಲಿ ಯಾರೋ ಕಲ್ಲೆತ್ತಿದರು, ಯಾರೋ ತಡೆದರು. ಅಷ್ಟರಲ್ಲಿ ಇಗರ್ಜಿಯ ಗಂಟೆ ಬಾರಿಸಿ, ಪ್ರಾರ್ಥನೆಗೆ ಬನ್ನಿ ಎಂದು ಜನರನ್ನು ಒಳಗೆ ಕರೆದರು. ಜನ ಒಳಗೆ ಹೋದರು. ವನೇನಿ ಹೊರಗೆ ಕೂತು ಬಾಯಿಂದ ರಕ್ತ ಉಗುಳುತ್ತ, ಒಳಗಿನ ಪ್ರಾರ್ಥನೆಗಿಂತ ಜೋರಾಗಿ ಬೈಯುತ್ತಿದ್ದಳು.

ಆಮೇಲೆ ಆದದ್ದೆಲ್ಲ ನಿಧಾನವಾಗಿ ಆಯಿತು. ಗ್ರೀಕರು ಮೊದಲು ಊರಿನ ಸೈನ್ಯವನ್ನು ಚದುರಿಸಿದರು. ಕತ್ತಿ ಬಿಲ್ಲುಗಳ ಬದಲು ತೆರಿಗೆ ಕೊಡಿ, ಕಾವಲು ನಮಗಿರಲಿ ಎಂದರು. ಆರ್ಮೇನಿಯದ ಪ್ರಧಾನ ಗುರುಗಳನ್ನು ಊರು ಬಿಡಿಸಿದರು. ಊರಿನ ಹಿರಿಯರಿಗೆ ದೂರದ ಪಶ್ಚಿಮದಲ್ಲಿ, ಸೆಬಾಸ್ತಿಯಾದ ಕಡೆ, ಜಹಗೀರುಗಳನ್ನು ಕೊಟ್ಟರು. ದೇರೆನಿಕ್ ಒಡೆಯನ ಸಾಮಾನಿನ ಗಾಡಿಗಳು ಬಯಲ ದಾರಿಯಲ್ಲಿ ಬೆಳಗಿನಿಂದ ಸಾಗುತ್ತಲೇ ಇದ್ದವು. ಮನೆಯ ಬಾಗಿಲಿನ ಕೆತ್ತನೆಯ ಮರವನ್ನೂ ಕಿತ್ತುಕೊಂಡು ಹೋದ. ಬಾಗಿಲಿಲ್ಲದ ಆ ಕಲ್ಲುಮನೆಯಲ್ಲಿ ಮೊದಲು ಗ್ರೀಕ್ ಕುದುರೆಗಳು, ಆಮೇಲೆ ಪಾರಿವಾಳಗಳು ನೆಲೆಸಿದವು.

ವನೇನಿಯ ಮಗ ವಾಸಕ್ ಬೆಳೆದು ಅಪ್ಪನ ಸೂಜಿ ಹಿಡಿದ. ಹೊಲಿಯಲು ಜೀನುಗಳು ಕಡಿಮೆ. ಕುದುರೆ ಸಾಕುವ ದೊರೆಗಳೆಲ್ಲ ಹೋಗಿಬಿಟ್ಟಿದ್ದರು. ಅಪ್ಪನ ಬಿಲ್ಲನ್ನು ಗ್ರೀಕ್ ಕಾವಲಿನವನು ಬಂದು ಒಯ್ದಿದ್ದ. ಗೊಹಾರ್ ಎಂಬ ಕುಂಬಾರರ ಹುಡುಗಿಯನ್ನು ಅವನು ಮದುವೆಯಾದ. ಬಾಯಿ ಜೋರಿನಲ್ಲಿ ಗೊಹಾರ್ ಅತ್ತೆಗೆ ಕಡಿಮೆಯೇನೂ ಇರಲಿಲ್ಲ.

"ಅತ್ತೆ, ಗ್ರೀಕರನ್ನ ಬೈದ್ರೆ ಹಿಟ್ಟು ನಾದಿದ ಹಾಗಾಗತ್ತಾ? ಕೈ ಆಡಿಸಿ."

"ಎರಡೂ ಒಟ್ಟಿಗೆ ಮಾಡ್ತೀನಿ ಕಣೆ. ಸಿಟ್ಟಿದ್ರೆ ಹಿಟ್ಟು ಚೆನ್ನಾಗಿ ಹದವಾಗತ್ತೆ."

ಹೀಗೆ ಇಪ್ಪತ್ತು ವರ್ಷ ತುಂಬುತ್ತ ಬಂದಾಗ ತುರ್ಕರ ಸುಲ್ತಾನ ಆನಿಯ ಮುಂದೆ ಬೀಡುಬಿಟ್ಟ.

ಗೋಡೆ ಅದೇ ಗೋಡೆ. ಗೋಡೆಯ ಮೇಲೆ ನಿಂತವರು ಬೇರೆ. ಕಾವಲಿಗೆಂದು ಇದ್ದ ಗ್ರೀಕ್ ಸರದಾರರು ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದರು. ವಾಸಕನಂಥ ಗಂಡಸರು ಹೋಗಿ ಬಿಲ್ಲು ಕೇಳಿದರೆ, ಉಗ್ರಾಣದ ಬೀಗ ತೆಗೆಯಲು ಅಪ್ಪಣೆಯಿಲ್ಲ ಎಂದರು. ಆದರೂ ಜನ ಕಲ್ಲು ಹೊತ್ತರು, ಕುದಿಯುವ ನೀರು ಹೊತ್ತರು, ಒಡೆದ ಕಡೆ ಹುಲ್ಲಿನ ಮೂಟೆ ತುರುಕಿದರು. ವನೇನಿ ವಯಸ್ಸನ್ನು ಮರೆತು ಬುರುಜು ಹತ್ತಿ ಇಳಿದಳು. ಗೋಡೆ ನಿಂತೇ ಇತ್ತು. ಸುಲ್ತಾನ ಬೇಸತ್ತು ಬೀಡು ಕೀಳುತ್ತಾನೆ ಎಂಬ ಮಾತು ಕೂಡ ಹಬ್ಬಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಗ್ರೀಕ್ ಸರದಾರರು ಯಾರಿಗೂ ಹೇಳದೆ ಗೋಡೆ ಬಿಟ್ಟು ಒಳಕೋಟೆಗೆ ಸೇರಿಕೊಂಡರು. ಅದನ್ನು ಕಂಡ ಜನ ಎದೆಗುಂದಿ ಹೊಳೆಯ ಕಡೆ ಓಡಿದರು. ಕಾವಲಿಲ್ಲದ ಗೋಡೆಯನ್ನು ನೋಡಿ ತುರ್ಕರಿಗೇ ಮೊದಲು ನಂಬಿಕೆ ಬರಲಿಲ್ಲ. ಒಬ್ಬೊಬ್ಬರಾಗಿ ಹತ್ತಿ ಇಣುಕಿ ನೋಡಿದರಂತೆ.

ವಾಸಕ್ ಗುಹೆಗೆ ಬಂದು ಅಮ್ಮನನ್ನೂ ಹೆಂಡತಿಯನ್ನೂ ಕಮರಿಯ ಕೆಳಗಿನ ಸುರಂಗಕ್ಕೆ ಇಳಿಸಿದ. "ನೀನೂ ಬಾರೋ," ಎಂದಳು ವನೇನಿ.

"ಬರ್ತೀನಮ್ಮ. ಪಕ್ಕದ ಗವಿಯಲ್ಲಿ ಮಕ್ಕಳಿದಾರೆ, ಕರ್ಕೊಂಡು ಬರ್ತೀನಿ," ಎಂದು ಹತ್ತಿಹೋದ.

ಅವನು ಬರಲಿಲ್ಲ. ತುರ್ಕರ ಆರ್ಭಟ ಅಡಗಿ ಅತ್ತೆ ಸೊಸೆ ಹೊರಗೆ ಬಂದಾಗ, ಅವನು ಪಕ್ಕದ ಗವಿಯ ಹೊಸ್ತಿಲ ಮೇಲೇ ಇದ್ದ. ಕೈಯಲ್ಲಿ ಜೀನು ಹೊಲಿಯುವ ದಬ್ಬಳ. ಮಕ್ಕಳೂ ಅಲ್ಲೇ ಇದ್ದರು. ಮೇಲೆ, ದೊಡ್ಡ ಇಗರ್ಜಿಯ ಗುಮ್ಮಟದಿಂದ ಬೆಳ್ಳಿಯ ಶಿಲುಬೆ ಕೆಡವಿ ಎಳೆದುಕೊಂಡು ಹೋಗಿದ್ದರು. ಹಿಂದೂ ದೇಶದ ದೀಪಗೊಂಚಲು ಪುಡಿಪುಡಿಯಾಗಿ ನೆಲದ ಮೇಲೆ ಉಪ್ಪಿನ ಹಾಗೆ ಹರಡಿತ್ತು. ಬೀದಿಗಳಲ್ಲಿ ಹೆಣ ದಾಟದೆ ಹೆಜ್ಜೆ ಇಡುವಂತಿರಲಿಲ್ಲ. ಊರಿನ ಗೋಳಿನ ತಾಯಿ ಯಾರ ಹಾಡು ಎತ್ತಬೇಕು? ಮಗನ ಹಾಡನ್ನೂ ಅವಳು ಎತ್ತಲಿಲ್ಲ. ಅತ್ತೆ ಸೊಸೆ ಇಬ್ಬರೂ ಬರಿಗೈಯಲ್ಲಿ ಮಣ್ಣು ತೋಡಿ ಅವನನ್ನು ಮುಚ್ಚಿ, ಬದುಕಿದವರ ಗುಂಪಿನೊಂದಿಗೆ ಪಶ್ಚಿಮಕ್ಕೆ ನಡೆದರು.

ಆ ಗುಂಪು ಚಳಿಗಾಲದ ಹೊತ್ತಿಗೆ ಸೆಬಾಸ್ತಿಯಾ ತಲುಪಿತು. ಆನಿಯವರಿಗೆ ಅಲ್ಲಿ ಆಸರೆ ಕೊಡುವವನು ಒಬ್ಬನೇ, ದೇರೆನಿಕ್ ಒಡೆಯ. ಅವನು ತನ್ನ ಜಹಗೀರಿನ ಕೊಟ್ಟಿಗೆಗಳನ್ನು ಖಾಲಿ ಮಾಡಿಸಿ ಜಾಗ ಕೊಟ್ಟಿದ್ದ. ಅಂಗಳದಲ್ಲಿ ದೊಡ್ಡ ಕಡಾಯಿಯಲ್ಲಿ ಗೋಧಿ ಮಾಂಸದ ಹರೀಸ ಬೇಯುತ್ತಿತ್ತು. ವನೇನಿ ಬಾಗಿಲಲ್ಲೇ ನಿಂತುಬಿಟ್ಟಳು.

"ನಾನು ಇವನ ಅನ್ನ ತಿನ್ನಲ್ಲ."

"ಅತ್ತೆ, ನನಗೆ ಕಾಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ," ಎಂದಳು ಗೊಹಾರ್. "ಇವತ್ತು ತಿನ್ನಿ. ನಾಳೆ ಬೈಯೋಕೆ ಶಕ್ತಿ ಬೇಕಲ್ಲ."

ವನೇನಿ ತಿಂದಳು. ಅತ್ತೆ ಸೊಸೆ ಅಲ್ಲಿ ಉಣ್ಣೆ ಬಾಚುವ ಕೆಲಸಕ್ಕೆ ನಿಂತರು. ಆ ಊರಿನ ಪುಟ್ಟ ಇಗರ್ಜಿಯಲ್ಲಿ ಗುರುಗಳು ಪ್ರತಿ ಭಾನುವಾರ ದೇರೆನಿಕ್ ಒಡೆಯನ ಹೆಸರೆತ್ತಿ "ಆನಿಯ ಮಕ್ಕಳ ತಂದೆ" ಎಂದು ಹರಸುತ್ತಿದ್ದರು. ಆನಿಯವರು ತಲೆ ತಗ್ಗಿಸಿ ಕೇಳುತ್ತಿದ್ದರು. ವನೇನಿ ಕಾಲಿನಿಂದ ನೆಲ ಕೆರೆಯುತ್ತಿದ್ದಳು.

ಎರಡನೆಯ ವಸಂತದಲ್ಲಿ ಒಡೆಯ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಕಿರಾಕೊಸ್ ಕೊಟ್ಟಿಗೆಯ ಬಾಗಿಲಿಗೆ ಬಂದ. ಅವನಿಗೂ ವಯಸ್ಸಾಗಿತ್ತು, ಬೆನ್ನು ಬಾಗಿತ್ತು.

"ಅಮ್ಮ, ಒಡೆಯರು ಕರೀತಿದಾರೆ."

"ಈಗ ಅಮ್ಮನಾ? ಬಿಲದೋಳು ಎಲ್ಲಿ ಹೋದ್ಲು?" ಎಂದು ವನೇನಿ ಹಲ್ಲಿಲ್ಲದ ಸಂದು ತೋರಿಸಿ ನಕ್ಕಳು. ಕಿರಾಕೊಸ್ ಮುಖ ತಿರುಗಿಸಿದ. ಅವಳು ಉಣ್ಣೆ ಕೊಡವಿ ಎದ್ದಳು. ಅವನ ಮುಂದೆ ನಿಲ್ಲಲು ಅವಳೇ ಬಹಳ ದಿನದಿಂದ ಕಾಯುತ್ತಿದ್ದಳು.

ದೇರೆನಿಕ್ ಒಡೆಯ ಕಿಟಕಿಯ ಪಕ್ಕ, ತುಪ್ಪಳದ ಹೊದಿಕೆಯಡಿ ಒಣಗಿದ ಕಡ್ಡಿಯಂತಿದ್ದ. ಆಳುಗಳನ್ನು ಹೊರಗೆ ಕಳಿಸಿದ.

"ನಾನು ಹೋದಾಗ ನೀನೇ ಹಾಡಬೇಕು," ಎಂದ. "ಆನಿಯ ಗೋಳಿನ ತಾಯಿ ಹಾಡದೆ ಆನಿಯವನು ಮಣ್ಣಿಗೆ ಹೋಗಬಾರದು. ಏನು ಹಾಡ್ತೀಯ, ಈಗಲೇ ಕೇಳೋ ಆಸೆ."

"ಏನು ಹಾಡಲಿ, ನೀವೇ ಹೇಳಿ."

"ಇಪ್ಪತ್ತು ವರ್ಷ ಊರನ್ನ ರಕ್ತ ಇಲ್ಲದೆ ಕಾಪಾಡಿದ ಅಂತ. ಆ ವರ್ಷಗಳಲ್ಲಿ ಎಷ್ಟು ಮಕ್ಕಳು ಹುಟ್ಟಿದ್ರು, ನೀನೇ ಯೋಚನೆ ಮಾಡು. ಅವತ್ತು ಬಾಗಿಲು ತೆಗೆಯದಿದ್ರೆ ಅವರು ಯಾರೂ ಹುಟ್ತಾ ಇರಲಿಲ್ಲ."

"ಹುಟ್ಟಿದ್ರು. ಹುಟ್ಟಿದ ಆ ಮಕ್ಕಳ ಕೈಗೆ ಏನು ಕೊಟ್ರಿ?"

ಅವನು ಹೊದಿಕೆಯನ್ನು ಎದೆಯ ಮೇಲಕ್ಕೆ ಎಳೆದುಕೊಂಡ.

"ಕೇಳಿ," ಎಂದಳು ವನೇನಿ. ಮಂಚದ ಹತ್ತಿರ ಮಣೆ ಎಳೆದುಕೊಂಡು ಕೂತಳು. "ಇಲ್ಲಿಗೆ ಬಂದು ಎರಡು ಚಳಿಗಾಲ ಆಯ್ತು. ಹರೀಸ ಹಾಕಿದ್ರಿ, ಕಂಬಳಿ ಕೊಟ್ರಿ. ಆನಿಯಲ್ಲಿ ಏನಾಯ್ತು ಅಂತ ನಮ್ಮಲ್ಲಿ ಒಬ್ಬರನ್ನಾದ್ರೂ ಕೇಳಿದ್ರಾ? ನಾನು ಹೇಳ್ತೀನಿ." ಅವಳು ಹೇಳತೊಡಗಿದಳು. ಬೀಗ ಹಾಕಿದ ಉಗ್ರಾಣದಿಂದ ಶುರುಮಾಡಿದಳು. ಯಾವ ಬೀದಿಯಲ್ಲಿ ಯಾರು ಬಿದ್ದಿದ್ದರು, ನೇಯ್ಗೆಯವರ ಮನೆಯ ಬಾವಿಯಲ್ಲಿ ಏನಿತ್ತು, ದಬ್ಬಳ ಹಿಡಿದ ವಾಸಕನ ಬೆರಳನ್ನು ಬಿಡಿಸಲು ಎಷ್ಟು ಹೆಣಗಬೇಕಾಯಿತು. ದನಿ ಏರಿಸಲಿಲ್ಲ, ಅಳಲಿಲ್ಲ. ಒಡೆಯ ಮುಖವನ್ನು ಗೋಡೆಗೆ ತಿರುಗಿಸಿದ.

"ಸಾಕು."

"ಸಾಕಾ? ನಾನಿನ್ನೂ ಹೊಳೆದಂಡೆಗೆ ಬಂದಿಲ್ಲ."

"ಸಾಕು ಅಂದೆ!"

"ನನ್ನ ಗಂಡನ ಹಣೆಗೆ ಮುತ್ತಿಟ್ಟು ಆಣೆ ಮಾಡಿದ್ರಲ್ಲ, ಅವತ್ತು ಸಾಕು ಅನ್ನಿಸಿರಲಿಲ್ಲವಾ? ನಾವು ಗೆದ್ದಿದ್ವಿ ಒಡೆಯರೇ. ನೀವೂ ಕತ್ತಿ ಹಿಡಿದಿದ್ರಿ, ನಾನು ಕಣ್ಣಾರೆ ನೋಡಿದೀನಿ. ಗೆದ್ದೋರು ಯಾಕೆ ಕೀಲಿ ಕೊಟ್ರಿ? ಜಹಗೀರಿಗಾ?"

ಅವನು ಗೋಡೆಯ ಕಡೆಗೇ ಮುಖವಿಟ್ಟು ಅಂದ: "ಹೆದರಿದೆ ಕಣೆ. ಅಷ್ಟೇ. ಎರಡು ಸಲ ಗೆದ್ವಿ. ಮೂರನೇ ಸಲ ಬರ್ತಾರೆ ಅಂದಾಗ ನನ್ನ ಕೈ ನಡುಗ್ತಿತ್ತು. ಕತ್ತಿ ಹಿಡಿಯೋಕಾಗ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಎಲ್ಲರೂ ಕೀಲಿ ಕೊಡೋಣ ಅಂದಾಗ ನನಗೆ ಸಮಾಧಾನವಾಯ್ತು."

ವನೇನಿಗೆ ಒಂದು ಕ್ಷಣ ಸಿಟ್ಟು ಎಲ್ಲಿಡಬೇಕೆಂದು ತೋಚಲಿಲ್ಲ. ದುರಾಸೆಯವನನ್ನು ಬೈಯಲು ಅವಳ ಬಳಿ ಇಪ್ಪತ್ತು ವರ್ಷದ ಬೈಗಳು ಸಿದ್ಧವಾಗಿದ್ದವು. ಹೆದರಿದವನಿಗೆ ಒಂದೂ ಇರಲಿಲ್ಲ. ಅದಕ್ಕೂ ಅವಳಿಗೆ ರೇಗಿತು.

"ಇದನ್ನ ಹಾಡೋಕಾಗತ್ತಾ?" ಎಂದ ಅವನು.

"ಆಗತ್ತೆ. ನಿಮ್ಮ ಬಾಯಿಂದ ನಾನು ಕೇಳಿದ ಮೊದಲನೇ ನಿಜ ಇದು. ಆದ್ರೆ ನನ್ನ ಒಬ್ಬಳ ಹತ್ರ ಹೇಳಿದ್ರೆ ಆಗಲ್ಲ. ಭಾನುವಾರ ನಿಮ್ಮನ್ನ ಇಗರ್ಜಿಗೆ ಹೊತ್ಕೊಂಡು ಬರಲಿ. ಆನಿಯೋರ ಮುಂದೆ ಇದೇ ಮಾತು ಹೇಳಿ. ಕಾಪಾಡಿದೆ ಅಂತಲ್ಲ, ಹೆದರಿದೆ ಅಂತ. ಹೇಳಿದ್ರೆ, ನಿಮ್ಮ ಹಾಡನ್ನ ನನ್ನ ಗಂಡನ ಹಾಡಿಗಿಂತ ಚೆನ್ನಾಗಿ ಕಟ್ತೀನಿ. ಇದು ನನ್ನ ಮಾತು. ನನಗೆ ಆಣೆ ಗೀಣೆ ಇಲ್ಲ."

"ಹೇಳ್ತೀನಿ," ಎಂದ ಒಡೆಯ.

ವನೇನಿ ಕೊಟ್ಟಿಗೆಗೆ ಮರಳಿ ಉಣ್ಣೆ ಬಾಚುತ್ತ ಹಾಡು ಕಟ್ಟತೊಡಗಿದಳು. ತುಟಿ ಅಲ್ಲಾಡುವುದನ್ನು ಕಂಡ ಗೊಹಾರ್ ಕಣ್ಣರಳಿಸಿದಳು. "ಆ ಮನುಷ್ಯನಿಗಾ? ನೀವಾ?"

"ಸುಮ್ನಿರು."

ನಡುಗುವ ಕೈಯ ಹಾಡು ಅದು. ಕತ್ತಿಯ ಹಿಡಿಯ ಮೇಲೆ ನಿಲ್ಲದ ಬೆರಳು, ಅದನ್ನು ತೋಳಿನೊಳಗೆ ಬಚ್ಚಿಟ್ಟುಕೊಂಡು ಸಭೆಯಲ್ಲಿ ಕೂತ ಗಂಡಸು, ಆ ಕೈ ಮುಚ್ಚಲು ಒಂದು ಊರನ್ನೇ ಹೊದ್ದುಕೊಂಡವನು. ಕಟ್ಟುತ್ತ ಹೋದಂತೆ ಗೋಡೆಯ ಮೇಲಿದ್ದವರು, ಬಾವಿಯಲ್ಲಿದ್ದವರು, ವಾಸಕ್, ಎಲ್ಲರೂ ಅದರೊಳಗೆ ಬಂದರು.

ಭಾನುವಾರ ಒಡೆಯ ಬರಲಿಲ್ಲ. ಮೈ ಸರಿಯಿಲ್ಲ ಎಂದರು. ಮುಂದಿನ ಭಾನುವಾರ ಪಲ್ಲಕ್ಕಿಯಲ್ಲಿ ಬಂದ. ಆನಿಯವರೆಲ್ಲ ಎದ್ದು ನಿಂತರು. ಗುರುಗಳು ಎಂದಿನಂತೆ "ಆನಿಯ ಮಕ್ಕಳ ತಂದೆ" ಎಂದು ಹರಸಿದರು. ಅವನು ವನೇನಿಯ ಕಡೆ ನೋಡಿದ. ಅವಳು ಕಾದಳು. ಅವನ ತುಟಿ ತೆರೆಯಿತು. ಆಮೇಲೆ ಕೈಯೆತ್ತಿ ಜನರನ್ನು ಹರಸಿ, ಪಲ್ಲಕ್ಕಿ ಎತ್ತಲು ಸನ್ನೆ ಮಾಡಿದ. ಅದೇ ವಾರ ಅವನ ಗೋರಿಯ ಕಲ್ಲು ಸಿದ್ಧವಾಗಿ ಅಂಗಳಕ್ಕೆ ಬಂತು. ಓದುಬಲ್ಲವರು ಓದಿ ಹೇಳಿದರು: ಆನಿಯನ್ನು ಕಾಪಾಡಿದವನು.

ಏಪ್ರಿಕಾಟ್ ಹೂವು ಉದುರುವ ಹೊತ್ತಿಗೆ ಅವನು ಸತ್ತ.

ಸೆಬಾಸ್ತಿಯಾದ ಸುತ್ತಿನ ಒಡೆಯರೆಲ್ಲ ಬಂದಿದ್ದರು, ಗ್ರೀಕ್ ಅಧಿಕಾರಿಗಳೂ ಬಂದಿದ್ದರು. ಹೆಣವನ್ನು ಇಗರ್ಜಿಯ ಅಂಗಳದಲ್ಲಿ ಇಳಿಸಿದರು. ಆನಿಯ ಹೆಂಗಸರು ಒಂದು ಕಡೆ ಸಾಲಾಗಿ ನಿಂತರು. ವನೇನಿ ಕರೆಸಿಕೊಳ್ಳದೆ ತಾನಾಗಿಯೇ ಬಂದು ತನ್ನ ಜಾಗದಲ್ಲಿ, ಹೆಣದ ತಲೆಯ ಬಳಿ ನಿಂತಳು. ಗುರುಗಳ ಪ್ರಾರ್ಥನೆ ಮುಗಿಯಿತು. ಎಲ್ಲರೂ ಅವಳತ್ತ ನೋಡಿದರು.

ಅವಳು ಬಾಯಿ ತೆರೆಯಲಿಲ್ಲ.

ಯಾರೋ ಕೆಮ್ಮಿದರು. ಸತ್ತವನ ಮಗ ಗುರ್ಗೆನ್ ಮುಂದೆ ಬಂದು ಮೆಲ್ಲಗೆ ಅಂದ: "ಶುರುಮಾಡು ತಾಯಿ."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಹೆಂಗಸರ ಸಾಲಿನಲ್ಲಿ ಒಡೆಯನ ಹೆಂಡತಿಯ ಹಳೆಯ ದಾಸಿಯೊಬ್ಬಳಿಗೆ ತಡೆಯಲಾಗದೆ ಬಿಕ್ಕು ಬಂತು. ಪಕ್ಕದವಳು ಅವಳ ಕೈ ಒತ್ತಿದಳು, ಬಿಕ್ಕು ನಿಂತಿತು. ಗೊಹಾರ್ ತಲೆವಸ್ತ್ರದ ತುದಿ ಕಚ್ಚಿಕೊಂಡಿದ್ದಳು. ಆನಿಯ ಗಂಡಸರು ಸತ್ತವನ ಗೌರವಕ್ಕೆ ತೆಗೆದಿದ್ದ ಟೊಪ್ಪಿಗೆಯನ್ನು ಒಬ್ಬರಾದ ಮೇಲೆ ಒಬ್ಬರು ಮತ್ತೆ ಹಾಕಿಕೊಂಡರು. ವನೇನಿ ಅವರಿಗೆ ಏನನ್ನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರೂ ಆನಿಯಿಂದಲೇ ಬಂದವರು.

"ಹಾಡ್ತೀಯೋ ಇಲ್ವೋ?" ಗುರ್ಗೆನನ ದನಿ ಗಡುಸಾಯಿತು. "ನಮ್ಮ ಅನ್ನ ತಿಂದಿದೀಯ."

"ತಿಂದಿದೀನಿ. ಅದಕ್ಕೆ ಉಣ್ಣೆ ಬಾಚಿದೀನಿ. ಹಾಡಿಗೆ ಬೇರೆ ಮಾತಾಗಿತ್ತು, ನಿಮ್ಮಪ್ಪ ಉಳಿಸ್ಕೊಳ್ಳಲಿಲ್ಲ."

ಬಾಡಿಗೆಗೆ ಕರೆತಂದ ಸೆಬಾಸ್ತಿಯಾದ ಇಬ್ಬರು ಹೆಂಗಸರು ಏನನ್ನೋ ಗುನುಗಲು ನೋಡಿದರು. ಜೊತೆಗೂಡುವವರಿಲ್ಲದೆ ಅವರ ದನಿ ತಾನಾಗಿ ಇಳಿಯಿತು. ಕೊನೆಗೆ ದೇರೆನಿಕ್ ಒಡೆಯನನ್ನು ಒಂದು ಸೊಲ್ಲಿಲ್ಲದೆ ಹೊತ್ತುಕೊಂಡು ಹೋದರು. ಹೊರುವವರ ಹೆಜ್ಜೆಯ ಸದ್ದು, ಹಗ್ಗದ ಸದ್ದು, ಆಮೇಲೆ ಮಣ್ಣಿನ ಸದ್ದು. ಗ್ರೀಕ್ ಅಧಿಕಾರಿಯೊಬ್ಬ, ಇವರಲ್ಲಿ ದೊಡ್ಡವರು ಸತ್ತರೆ ಹೀಗೇನಾ ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು ಬೆವರು ಒರೆಸಿಕೊಂಡ.

ಸಂಜೆಗೆ ಕಿರಾಕೊಸ್ ಬಂದು ಅತ್ತೆ ಸೊಸೆಯ ಗಂಟನ್ನು ಕೊಟ್ಟಿಗೆಯಿಂದ ಹೊರಗೆ ಇಟ್ಟ. ಎಸೆಯಲಿಲ್ಲ, ಇಟ್ಟ. "ಹೊತ್ತು ಮುಳುಗೋದರೊಳಗೆ ಹೋಗಿಬಿಡಿ. ಗುರ್ಗೆನ್ ಒಡೆಯರು ಕುಡಿದಿದಾರೆ," ಎಂದು, ತನ್ನ ಕಂಬಳಿಯೊಂದನ್ನು ಗಂಟಿನ ಮೇಲೆ ಹಾಕಿ ತಿರುಗಿ ನೋಡದೆ ಹೋದ.

ಇಬ್ಬರೂ ಕೈಸರಿಯಾ ಊರಿನ ದಾರಿ ಹಿಡಿದರು. ಗೊಹಾರ್ ಮೊದಲ ಹರದಾರಿಯುದ್ದಕ್ಕೂ ಬೈದಳು. "ಎರಡು ಸೊಲ್ಲು ಹಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಬೆಚ್ಚಗಿನ ಕೊಟ್ಟಿಗೆ, ಎರಡು ಹೊತ್ತು ಊಟ! ನಿಮ್ಮ ಸಿಟ್ಟನ್ನ ಬೇಯಿಸಿ ತಿನ್ನೋಕಾಗತ್ತಾ?" ವನೇನಿ ಕೇಳಿಸಿಕೊಂಡು ನಡೆದಳು. ಬೈದು ಬೈದು ದಣಿದ ಮೇಲೆ ಗೊಹಾರ್ ಕೇಳಿದಳು:

"ಆದ್ರೂ ಅತ್ತೆ, ಕಟ್ಟಿದ್ರಲ್ಲಾ ಆ ಹಾಡು. ಪೂರ್ತಿ ಆಗಿತ್ತಾ?"

"ಆಗಿತ್ತು."

"ಹೇಗಿತ್ತು?"

"ನಾನು ಕಟ್ಟಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು." ಅವಳು ದಾರಿಯ ನಡುವೆ ನಿಂತಳು. "ಹಾಳು ಮುಂಡೇಗಂಡ! ಒಂದು ಮಾತು. ಒಂದೇ ಒಂದು ಮಾತು ಹೇಳೋಕೆ ಆಗಲಿಲ್ಲ ಅವನಿಗೆ. ನನ್ನ ಮಗನೂ ಇದ್ದ ಕಣೆ ಆ ಹಾಡಿನಲ್ಲಿ. ಅವನನ್ನೂ ಮಣ್ಣು ಮಾಡಿಬಿಟ್ಟ."

ಗೊಹಾರ್ ಗಂಟು ಇಳಿಸಿದಳು. "ಹಾಗಾದ್ರೆ ವಾಸಕನದ್ದಷ್ಟನ್ನ ಬಿಡಿಸಿ ಹಾಡಿ. ನನಗೋಸ್ಕರ."

"ಅದು ಬಿಡಿಸಿದ್ರೆ ಬರಲ್ಲ. ಎಲ್ಲಾ ಒಂದೇ ಹೊಲಿಗೆ."

"ಬೇರೆ ಕಟ್ಟಿ."

ವನೇನಿ ಸೊಸೆಯ ಮೇಲೆ ಕೈಯೆತ್ತುವಳೋ ಎನ್ನುವಂತೆ ನೋಡಿದಳು. ಆಮೇಲೆ ದಾರಿಬದಿಯ ಕಲ್ಲಿನ ಮೇಲೆ ಕೂತು, ಮೊದಲಿನಿಂದ ಕೇಳತೊಡಗಿದಳು, ಎಲ್ಲರ ಮನೆಯಲ್ಲಿ ಕೇಳುವಂತೆ, ಒರಟಾಗಿ, ಕಣ್ಣು ಒರೆಸಿಕೊಳ್ಳದೆ: "ಹೇಳು. ನಿನ್ನ ಗಂಡ ಏನು ಇಷ್ಟಪಟ್ಟು ತಿಂತಿದ್ದ?"